ಬಿರುಕಿನೊಳಗಿನ ಕುಂಕುಮ

ಪೆಟ್ಟಿಗೆ ತೆರೆದ ಕೂಡಲೇ ಮೂಗಿಗೆ ಬಡಿದದ್ದು ಊದಿನಕಡ್ಡಿಯ ವಾಸನೆ. ಹಳೆಯ ಕ್ಲಾರಿನೆಟ್ಟುಗಳ ಪೆಟ್ಟಿಗೆಯಿಂದ ಸಾಮಾನ್ಯವಾಗಿ ಬರುವುದು ಮುಗ್ಗಲು ಹಿಡಿದ ಮಖಮಲ್ಲು ಮತ್ತು ಒಣಗಿದ ಎಂಜಲಿನ ವಾಸನೆ. ಮೆಲ್ಬರ್ನಿನ ಟಾರ್ನೀಟ್‌ನಲ್ಲಿ, ನಮ್ಮ ಮನೆಯ ಗರಾಜಿನೊಳಗೆ ಕೂತು ಶಾಲಾ ಬ್ಯಾಂಡಿನ ಮಕ್ಕಳ ವಾದ್ಯಗಳನ್ನು ರಿಪೇರಿ ಮಾಡುವ ನನಗೆ ಅದು ಅಭ್ಯಾಸವಾಗಿ ಹೋಗಿದೆ. ಅರ್ಧ ತಿಂದ ಬಿಸ್ಕತ್ತು, ಕಾಲುಚೀಲ ಏನು ಸಿಕ್ಕರೂ ಹೌಹಾರುವುದಿಲ್ಲ. ಆದರೆ ಸಿಡ್ನಿಯ ಗಿರಾವೀನ್‌ನಿಂದ ಕೊರಿಯರ್‌ನಲ್ಲಿ ಬಂದ ಈ ಪೆಟ್ಟಿಗೆಯ ಒಳಗೆ ಒಂದು ದೇವರ ಮನೆಯೇ ಇತ್ತು. ಸ್ವರದ ತೂತು ಮುಚ್ಚುವ ಕೀಗಳ ಸಂದಿಯಲ್ಲಿ ಒಣಗಿದ ಸೇವಂತಿಗೆ ಎಸಳು, ಮೈತುಂಬ ಎಣ್ಣೆಯ ಜಿಡ್ಡು, ಬಿಚ್ಚಿಟ್ಟ ವಾದ್ಯದ ಮೇಲಿನ ತುಂಡಿನ ಉದ್ದಕ್ಕೂ ಅರಿಸಿನ ಕುಂಕುಮದ ಬೊಟ್ಟುಗಳು. ಆ ಬೊಟ್ಟುಗಳ ನಡುವೆ ಕೂದಲಿನಷ್ಟು ತೆಳ್ಳಗಿನ ಒಂದು ಕೆಂಪು ಗೆರೆ. ಭೂತಗನ್ನಡಿ ಹಿಡಿದು ನೋಡಿದೆ. ಅದು ಹಚ್ಚಿದ ಗೆರೆಯಲ್ಲ, ಬಿರುಕು. ಕುಂಕುಮ ಅದರೊಳಗೆ ಇಳಿದಿತ್ತು.

ಕಳಿಸಿದ್ದ ಹೆಣ್ಣುಮಗಳು ಹುಬ್ಬಳ್ಳಿಯವಳು, ಸಿಡ್ನಿಯದೇ ಚಾಟ್ಸ್‌ವುಡ್‌ನ ಕಂಪನಿಯೊಂದರಲ್ಲಿ ಕೆಲಸ. ವಾದ್ಯ ಅವಳ ತಂದೆಯದು. ಹುಬ್ಬಳ್ಳಿಯ ಮದುವೆ ಬ್ಯಾಂಡಿನಲ್ಲಿ ಜೀವಮಾನವೆಲ್ಲ ಅದನ್ನು ಊದಿದವರು, ಕಡೆಗಾಲದಲ್ಲಿ ಹೆಂಡತಿಯೊಡನೆ ಮಗಳ ಮನೆಗೆ ಬಂದು, ಹೋದ ವರ್ಷ ಅಲ್ಲೇ ತೀರಿಕೊಂಡರು. ಇಷ್ಟನ್ನು ಫೋನಿನಲ್ಲಿ ಹೇಳಿ, ಬಿರುಕು ತುಂಬಲು ಎಷ್ಟು ದಿನ ಬೇಕು ಎಂದು ಕೇಳಿದಳು. ಮೂರು ವಾರ ಎಂದೆ. ಜಾಸ್ತಿ ಆದರೂ ಪರವಾಗಿಲ್ಲ, ಅದು ಸ್ವಲ್ಪ ದಿನ ಮನೆಯಲ್ಲಿ ಇರದಿದ್ದರೆ ಒಳ್ಳೆಯದೇ ಎಂದಳು. ಗಿರಾಕಿಗಳೆಲ್ಲ ಬೇಗ ಕೊಡಿ ಎಂದು ತಲೆ ತಿನ್ನುವವರೇ. ನಿಧಾನ ಮಾಡಿ ಎಂದವಳು ಇವಳೊಬ್ಬಳೇ. ಯಾಕೆ ಎಂದು ಕೇಳಿದೆ.

"ಅವ್ವಗ ದಿನಾ ಸಂಜಿಕೆ ಅಪ್ಪ ಬಾರ್ಸಿದಂಗ ಕೇಳಸ್ತತಿ ರೀ," ಎಂದಳು. "ಅದರ ಮುಂದ ಕುಂತ ಬಿಡ್ತಾಳ. ಊಟಾ ಇಲ್ಲ, ಮಾತಿಲ್ಲ. ಜಿಪಿ ಡಾಕ್ಟರು ರೆಫರ್ ಮಾಡ್ಯಾರ, ಮುಂದಿನ ತಿಂಗಳು ಮೆಮರಿ ಕ್ಲಿನಿಕ್‌ನಾಗ ಅಪಾಯಿಂಟ್‌ಮೆಂಟ್ ಐತಿ. ನಮ್ಮ ಮನಿಯವರು ಆಗಲೇ ಎರಡು ಏಜ್ಡ್ ಕೇರ್ ನೋಡಿ ಬಂದಾರ."

ಕೊನೆಯ ಮಾತನ್ನು ಹೇಳುವಾಗ ಅವಳ ದನಿ ಸಣ್ಣಗಾಯಿತು. ಒಂದು ಮುದುಕಿ ಮಗಳ ಮನೆಯಲ್ಲಿ ಇರುವುದೋ, ವೃದ್ಧಾಶ್ರಮದಲ್ಲಿ ಭಾಷೆ ಬಾರದವರ ನಡುವೆ ಹೋಗಿ ಮಲಗುವುದೋ ಎಂಬುದು ನನ್ನ ಬೆಂಚಿನ ಮೇಲಿನ ವಾದ್ಯಕ್ಕೆ ಗಂಟುಬಿದ್ದಿದೆ ಎಂದು ಅವತ್ತೇ ತಿಳಿದಿದ್ದರೆ ಕೆಲಸವನ್ನು ಒಪ್ಪಿಕೊಳ್ಳುತ್ತಿರಲಿಲ್ಲವೇನೋ. ನನ್ನದು ಮರ, ತಗಡು, ಅಂಟಿನ ಕೆಲಸ. ಸಂಸಾರ ಜೋಡಿಸುವುದು ನನ್ನ ಕೈಲಾಗದ್ದು.

ಈ ಮರದ ಬಗ್ಗೆ ಒಂದು ಮಾತು ಹೇಳಬೇಕು. ಕ್ಲಾರಿನೆಟ್ ಎಂದರೆ ಯುರೋಪಿನ ವಾದ್ಯ ಎಂದುಕೊಳ್ಳುತ್ತೇವೆ, ಆದರೆ ಅದರ ಮೈ ಆಫ್ರಿಕಾದ್ದು. ಇಂಗ್ಲಿಷಿನವರು ಆಫ್ರಿಕನ್ ಬ್ಲ್ಯಾಕ್‌ವುಡ್ ಎನ್ನುತ್ತಾರೆ, ನಾನು ಕರಿಮರ ಎನ್ನುತ್ತೇನೆ. ನಮ್ಮ ಬೀಟೆಗೆ ಹತ್ತಿರದ ದಾಯಾದಿ. ದೂರದ ನೆಂಟಸ್ತಿಕೆ ಹಿಡಿದು ಹೊರಟರೆ ಹೊಂಗೆ, ಹುಣಸೆ, ಕೊನೆಗೆ ಸಾರಿನ ತೊಗರಿಯೂ ಇದೇ ಕುಲ. ಹುಣಸೆಯೂ ಮೂಲದಲ್ಲಿ ಆಫ್ರಿಕಾದ್ದೇ ಎಂದರೆ ನಮ್ಮವರು ಜಗಳಕ್ಕೆ ಬರುತ್ತಾರೆ, ಅದು ಬೇರೆ ವಿಷಯ. ಕರಿಮರ ನೋಡಲು ಚೆಂದವಿಲ್ಲ. ಮುಳ್ಳು, ಸೊಟ್ಟ ಕೊಂಬೆ, ಒಬ್ಬ ಮನುಷ್ಯನ ಆಯುಸ್ಸು ಕಳೆದರೂ ತೊಡೆಯಷ್ಟು ದಪ್ಪವಾಗುವುದು ಕಷ್ಟ. ಅಲ್ಲಿಯವರು ಅದರಿಂದ ಬೊಂಬೆ ಕೆತ್ತುತ್ತಾರೆ, ಊರುಗೋಲು ಮಾಡುತ್ತಾರೆ, ಬೇರು ತೊಗಟೆ ಮದ್ದಿಗೆ ಒಯ್ಯುತ್ತಾರೆ. ತಿರುಳು ಎಷ್ಟು ಭಾರವೆಂದರೆ ನೀರಿಗೆ ಹಾಕಿದರೆ ಕಲ್ಲಿನ ಹಾಗೆ ಮುಳುಗುತ್ತದೆ. ವಾದ್ಯಕ್ಕೆ ಬೇಕಾದದ್ದು ಆ ಕಪ್ಪು ತಿರುಳು ಮಾತ್ರ. ಯಾವ ಮರದಲ್ಲೂ ತಿರುಳು ಸತ್ತ ಭಾಗ. ಸುತ್ತಲಿನ ಬಿಳಿ ಪದರ ಬದುಕಿರುತ್ತದೆ, ಒಳಗಿನದು ಮರ ನಿಂತಿರುವಾಗಲೇ ಸತ್ತು ಗಟ್ಟಿಯಾಗಿರುತ್ತದೆ. ಈ ಕಸುಬಿಗೆ ಬಂದ ಹೊಸದರಲ್ಲಿ ಇದನ್ನು ಓದಿ ಮರೆತಿದ್ದೆ. ಆ ಚಳಿಗಾಲದಲ್ಲಿ ಮತ್ತೆ ಮತ್ತೆ ನೆನಪಾಯಿತು.

ದೂರದಿಂದ ಬಂದ ವಾದ್ಯವನ್ನು ಕೂಡಲೇ ಮುಟ್ಟಬಾರದು, ಹೊಸ ಜಾಗದ ಹವೆಗೆ ಮರ ಹೊಂದಿಕೊಳ್ಳಬೇಕು. ಪೆಟ್ಟಿಗೆ ತೆರೆದಿಟ್ಟು ಬೇರೆ ಕೆಲಸಕ್ಕೆ ಕೂತೆ. ಸಂಜೆಯಾಗುತ್ತಿದ್ದಂತೆ ಗರಾಜು ಕೊರೆಯತೊಡಗಿತು, ಹೀಟರ್ ಹಾಕಿಕೊಂಡೆ. ಶಾಲಾ ಬ್ಯಾಂಡಿನ ಫ್ಲೂಟ್ ಒಂದರ ಸ್ಪ್ರಿಂಗ್ ಕೂರಿಸುತ್ತಿದ್ದಾಗ ಬೆನ್ನ ಹಿಂದೆ ಟಪ್ ಎಂದು ಸದ್ದಾಯಿತು.

ಕ್ಲಾರಿನೆಟ್ಟಿನ ಕೀ ಮುಚ್ಚಿದ ಸದ್ದು. ಬೇರೆ ಯಾವುದೋ ಇರಬಹುದು ಎಂದುಕೊಳ್ಳಲೂ ನನಗೆ ಸಾಧ್ಯವಿರಲಿಲ್ಲ. ವರ್ಷಗಟ್ಟಲೆ ಅದನ್ನೇ ಕೇಳಿದ ಕಿವಿ ಇದು. ತಿರುಗಿ ನೋಡಿದೆ. ವಾದ್ಯ ಮಖಮಲ್ಲಿನಲ್ಲಿ ಮಲಗಿತ್ತು. ಮತ್ತೆ ಟಪ್. ಸ್ವಲ್ಪ ಬಿಟ್ಟು ಎರಡು ಸಲ, ಬೇಗಬೇಗ. ಊದುವ ಮುಂಚೆ ವಾದ್ಯಗಾರರು ಬೆರಳು ಬಿಸಿಮಾಡಿಕೊಳ್ಳಲು ಸುಮ್ಮನೆ ಕೀಗಳನ್ನು ಒತ್ತುತ್ತಾರಲ್ಲ, ಥೇಟ್ ಹಾಗೆ. ನನಗೆ ದೆವ್ವದ ಮೇಲೆ ನಂಬಿಕೆಯಿಲ್ಲ, ಭಯ ಮಾತ್ರ ಇದೆ. ಹೀಟರ್ ಆರಿಸುವಷ್ಟೂ ನಿಲ್ಲದೆ ಮನೆಯೊಳಗೆ ಹೋಗಿ, ಚಪಾತಿ ಹಿಟ್ಟು ಕಲಸುತ್ತಿದ್ದ ಗಂಡನ ಪಕ್ಕದಲ್ಲಿ ನಿಂತೆ. ನನ್ನ ಮುಖ ನೋಡಿ ಅವನು, ಗಿರಾಕಿ ಏನಾದರೂ ಬೈದರಾ ಎಂದು ಕೇಳಿದ.

ಮರುದಿನ ಬೆಳಗ್ಗೆ ವಾದ್ಯ ಕಳಿಸಿದ್ದ ಆ ಮಗಳಿಗೆ ಫೋನ್ ಮಾಡಿದೆ. ಸದ್ದು ಕೇಳಿದೆ ಎಂದು ಹೇಳಲಿಲ್ಲ, ಅಮ್ಮನಿಗೆ ನಿಖರವಾಗಿ ಏನು ಕೇಳಿಸುತ್ತದೆ, ರಾಗವೋ ಹಾಡೋ ಎಂದಷ್ಟೇ ವಿಚಾರಿಸಿದೆ. ರಾಗವಲ್ಲ, ಬೆರಳು ಎಂದಳು. ಅವಳಿಗೆ ಸಂಜೆ ಹೊತ್ತು ಬೇರೆ ದೇಶಗಳ ತಂಡಗಳ ಜೊತೆ ಕಾಲ್ ಇರುತ್ತಿತ್ತಂತೆ. ತೆಳು ಗೋಡೆಯ ಮನೆ. ಅಪ್ಪ ಊದಿದರೆ ಅದು ಕಾಲ್‌ನಲ್ಲಿದ್ದವರಿಗೆಲ್ಲ ಕೇಳಿಸುತ್ತಿತ್ತು. ಅಪ್ಪಾ, ಕಾಲ್ ಅದಾವು, ಊದಬ್ಯಾಡ್ರಿ ಎಂದು ಒಂದು ದಿನ ಹೇಳಿದಳು. ಅವರು ಆಯ್ತವ್ವ ಎಂದರು. ಅಂದಿನಿಂದ ಸಾಯುವವರೆಗೂ ದಿನಾ ಸಂಜೆ ದೇವರ ಮನೆಯಲ್ಲಿ ಕೂತು, ಉಸಿರು ಹಾಕದೆ ಬರೀ ಬೆರಳು ಆಡಿಸಿ ಅಭ್ಯಾಸ ಮಾಡಿದರು. ಹೆಂಡತಿ ಎದುರಿಗೆ ಕೂತು ಆ ಟಪ್ ಟಪ್ ಕೇಳುತ್ತ ಹೂವು ಕಟ್ಟುತ್ತಿದ್ದರು. ಈಗ ಅದೇ ಕೇಳಿಸುತ್ತಿದೆ ಎನ್ನುತ್ತಾರೆ.

ಫೋನ್ ಇಟ್ಟ ಮೇಲೆ ಗರಾಜಿಗೆ ಹೋಗಲು ಧೈರ್ಯ ಬೇಕಾಯಿತು. ಹೋಗಿ, ಮೊದಲು ಬಾಗಿಲನ್ನು ಪೂರ್ತಿ ಮೇಲಕ್ಕೆತ್ತಿ ಬೆಳಕು ಬಿಟ್ಟೆ. ಆಮೇಲೆ ವಾದ್ಯ ಜೋಡಿಸಿದೆ. ಮರ ಎಷ್ಟರಮಟ್ಟಿಗೆ ಸೋರುತ್ತಿದೆ ಎಂದು ತಿಳಿಯಲು ಒಮ್ಮೆ ಊದಿ ನೋಡಲೇಬೇಕು, ಅದು ಕ್ರಮ. ಬಾಯಿಗಿಡುವ ತುದಿಗೆ ಆ ತಂದೆಯ ಮೌತ್‌ಪೀಸನ್ನೇ ತೊಳೆದು ಹಾಕಿಕೊಂಡೆ. ಅದರ ಮೇಲೆ ಎರಡು ಹಲ್ಲಿನ ಗುರುತು ಗುಳಿಬಿದ್ದಿದ್ದವು, ನಡುವೆ ಅಲ್ಲ, ಎಡಕ್ಕೆ, ಅದರಲ್ಲೂ ಒಂದು ಓರೆ. ನನ್ನ ಹಲ್ಲು ನಟ್ಟನಡುವೆ ಇಟ್ಟರೆ ಜಾರಿ ಜಾರಿ ಆ ಗುಳಿಗೇ ಹೋಗಿ ಕೂರುತ್ತಿತ್ತು. ಹಾಗೆ ಕೂತರೆ ಬಾಯಿ ಎಡಕ್ಕೆ ಎಳೆಯುತ್ತಿತ್ತು, ಕತ್ತು ವಾಲುತ್ತಿತ್ತು, ಅದನ್ನು ಸರಿದೂಗಿಸಲು ಬಲಭುಜ ಮೇಲೇರುತ್ತಿತ್ತು. ಬೆರಳುಗಳು ಸವೆದ ಕೀಗಳ ಮೇಲೆ ತಮ್ಮ ಜಾಗ ತಾವೇ ಕಂಡುಕೊಂಡವು. ಬಿರುಕಿನಿಂದ ಗಾಳಿ ಸೋರಿ ದಮ್ಮು ಹಿಡಿದವರ ಹಾಗೆ ಒಂದು ಸ್ವರ ಬಂತು. ಅಷ್ಟರಲ್ಲಿ ಕಾಫಿ ತಂದ ಗಂಡ ಬಾಗಿಲಲ್ಲೇ ನಿಂತುಬಿಟ್ಟ.

"ಯಾರ ಥರ ನಿಂತಿದೀಯ ನೀನು?" ಎಂದ.

ನಾನು ವಾದ್ಯ ಕೆಳಗಿಟ್ಟೆ. ಬಾಯಲ್ಲಿ ಲವಂಗದ ರುಚಿ ಇತ್ತು. ಕಾಫಿ ಕುಡಿದ ಮೇಲೂ ಇತ್ತು.

ಭಯಕ್ಕೆ ಮದ್ದು ಕೆಲಸ ಎಂದು ನನ್ನ ಅನುಭವ. ಕೀಗಳನ್ನೆಲ್ಲ ಹಾಗೆಯೇ ಬಿಟ್ಟು, ಮೇಲಿನ ತುಂಡನ್ನು ಕಣ್ಣಿಗೆ ಹತ್ತಿರ ಹಿಡಿದು, ಹಗಲಲ್ಲೇ ಹೀಟರ್ ಹಾಕಿ ಕೂತೆ. ಕಾಲು ಗಂಟೆಯಲ್ಲಿ ಟಪ್ ಎಂದಿತು. ಈ ಸಲ ಕಣ್ಣಿಗೂ ಬಿತ್ತು. ಬಿರುಕು ತುಂಡಿನ ಮೇಲ್ತುದಿಯಿಂದ ಕೆಳಗಿಳಿದು, ಉದ್ದನೆಯ ಎರಡು ಕೀಗಳನ್ನು ಹೊತ್ತ ಪುಟ್ಟ ಲೋಹದ ಕಂಬಗಳ ಬುಡಕ್ಕೇ ಹೋಗಿತ್ತು. ಬಿಸಿಗೆ ಮರ ಒಣಗಿ ಬಿರುಕು ಬಾಯಿ ಬಿಟ್ಟಾಗ ಕಂಬಗಳು ಕೂದಲೆಳೆಯಷ್ಟು ಓರೆಯಾಗುತ್ತಿದ್ದವು. ಅವುಗಳ ನಡುವೆ ಕೀ ಸಿಕ್ಕಿಕೊಂಡು ತುಸು ಮೇಲೇಳುತ್ತಿತ್ತು. ಇನ್ನಷ್ಟು ಬಿಸಿಯಾದಾಗ ಕಂಬ ಜಾರಿ, ಸ್ಪ್ರಿಂಗ್ ಕೀಯನ್ನು ಬಡಿದು ಮುಚ್ಚುತ್ತಿತ್ತು. ಬೆರಳು ಮಾಡುವುದೂ ಅದನ್ನೇ. ಬೆಳಗ್ಗೆ ಹೀಟರ್ ಹಾಕಿದರೆ ಬೆಳಗ್ಗೆ ಬಾರಿಸಿತು, ಮಧ್ಯಾಹ್ನ ಹಾಕಿದರೆ ಮಧ್ಯಾಹ್ನ. ಯಾವ ಪ್ರೇತವೂ ಸ್ವಿಚ್ಚಿಗೆ ಇಷ್ಟು ವಿಧೇಯವಾಗಿರುವುದಿಲ್ಲ. ಆದರೂ ಸದ್ದಾದಾಗಲೆಲ್ಲ ಮೈಮೇಲಿನ ಕೂದಲು ನಿಮಿರುವುದು ನಿಲ್ಲಲಿಲ್ಲ, ಕಾರಣ ಗೊತ್ತಾದ ಮಾತ್ರಕ್ಕೆ ಮೈ ಒಪ್ಪಿಕೊಳ್ಳುವುದಿಲ್ಲ.

ಮಗಳಿಗೆ ಹೇಳಿದೆ. ದೇವರ ಮನೆಯಲ್ಲಿ ಹೀಟರ್‌ನ ಗಾಳಿಕಿಂಡಿ ಇದೆಯಾ ಎಂದು ಕೇಳಿದರೆ, ದೇವರ ಗೂಡು ಇರುವುದೇ ಕಿಂಡಿಯ ಕೆಳಗೆ ಎಂದಳು. ಅವ್ವ ಸಂಜೆ ದೀಪ ಹಚ್ಚುವಾಗ ಪೆಟ್ಟಿಗೆ ತೆರೆದಿಡುತ್ತಾಳೆ, ಮನೆಯ ಹೀಟರ್ ಶುರುವಾಗುವುದೂ ಆಗಲೇ. ಎಲ್ಲ ತಾಳೆಯಾಗುತ್ತಿತ್ತು. ನಿಮ್ಮಮ್ಮನಿಗೆ ಕೇಳಿಸಿದ್ದು ನಿಜವಾದ ಸದ್ದು ಎಂದೆ. ಅವಳಿಗೆ ಸಂತೋಷವಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೀರಿ ಎಂದಳು. ತಾನೂ ಅದೇ ಮನೆಯಲ್ಲೇ ಇರುತ್ತೇನೆ, ತನಗೆ ಒಮ್ಮೆಯೂ ಕೇಳಿಸಿಲ್ಲವಲ್ಲ ಎಂದಳು. ಆ ಹೊತ್ತಿಗೆ ಅವಳ ಕಿವಿಯಲ್ಲಿ ಹೆಡ್‌ಫೋನ್ ಇರುತ್ತದೆ ಎಂದು ಹೇಳಲು ನಾನು ಹೋಗಲಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದೆ, ಹೀಟರ್‌ನ ಗುಂಯ್ ಎನ್ನುವ ಸದ್ದಿನಲ್ಲಿ ಟಪ್ ಎನ್ನುವುದು ಮುಳುಗಿಹೋಗಿತ್ತು.

ಸರಿ, ನನ್ನ ಕೆಲಸ ನಾನು ಮಾಡುತ್ತೇನೆ ಎಂದು ರಿಪೇರಿಗೆ ಇಳಿದೆ. ಬಿರುಕು ಬಿಟ್ಟ ಮರಕ್ಕೆ ಮೊದಲು ತೇವ ಕೊಡಬೇಕು. ಮುಚ್ಚಳದ ಡಬ್ಬಿಯಲ್ಲಿ ಕಿತ್ತಳೆ ಸಿಪ್ಪೆ ಹಾಕಿ, ಜೊತೆಗೆ ತುಂಡನ್ನು ಇಟ್ಟು, ದಿನಾ ಸಿಪ್ಪೆ ಬದಲಿಸಿದೆ. ವಾರದೊಳಗೆ ಬಿರುಕು ಕಣ್ಣಿಗೆ ಕಾಣದಷ್ಟು ಕೂಡಿಕೊಂಡಿತು, ಸದ್ದೂ ನಿಂತಿತು. ಆಮೇಲೆ ಅಂಟು ಇಳಿಸಿ, ಬಿಗಿದು, ಎರಡು ದಿನ ಬಿಟ್ಟು ಹೀಟರ್ ಹಾಕಿ ಪರೀಕ್ಷೆ ಮಾಡಿದೆ. ಟಪ್. ಅಂಟಿನ ಗೆರೆ ನಡುಮಧ್ಯೆ ಬಿಟ್ಟುಕೊಂಡಿತ್ತು. ಕಾರಣ ಮರುದಿನ ಬೆಳಗಿನ ಚಳಿಯಲ್ಲಿ ತಿಳಿಯಿತು. ಬಿರುಕಿನ ಒಳಗಿನಿಂದ ಬೆಳ್ಳಗೆ ಮೇಣದಂಥದ್ದು ಹೆಪ್ಪುಗಟ್ಟಿ ಇಣುಕುತ್ತಿತ್ತು. ಕೊಬ್ಬರಿ ಎಣ್ಣೆ. ಪ್ರತಿ ಮಹಾನವಮಿಗೆ ಆಯುಧ ಪೂಜೆ ಮಾಡುವಾಗ ಆ ತಾಯಿ ವಾದ್ಯಕ್ಕೆ ಎಣ್ಣೆ ಹಚ್ಚಿ, ಅರಿಸಿನ ಕುಂಕುಮ ಇಟ್ಟಿದ್ದರು. ಗಂಡ ಹೋದ ಮೇಲೆ ವರ್ಷಕ್ಕೊಮ್ಮೆ ಸಾಲದೆ ಶುಕ್ರವಾರ ಶುಕ್ರವಾರ ಹಚ್ಚಿದ್ದರು. ಪ್ರೀತಿಯಿಂದ ಹಚ್ಚಿದ ಎಣ್ಣೆ ಒಳಗಿಳಿದು, ಅಂಟು ಹಿಡಿಯುವ ಜಾಗವನ್ನೆಲ್ಲ ಹಾಳುಮಾಡಿತ್ತು. ಸ್ಪಿರಿಟ್ ಹಾಕಿ ತೊಳೆದರೆ ಎಣ್ಣೆ ಬರುತ್ತಿತ್ತು, ಕುಂಕುಮ ಬರುತ್ತಿರಲಿಲ್ಲ. ಉಳಿದ ದಾರಿ ಒಂದೇ. ಬಿರುಕಿಗೆ ಅಡ್ಡಲಾಗಿ ಸಣ್ಣ ತೂತು ಕೊರೆದು, ಉಕ್ಕಿನ ಮೊಳೆ ತಿರುಪಿ ಎರಡು ಬದಿಯನ್ನೂ ಬಿಗಿದು, ಬಾಯಿಗೆ ಕರಿಮರದ ಹುಡಿ ತುಂಬುವುದು. ಹಾಗೆ ಬಿಗಿದರೆ ಮುಂದೆಂದೂ ಬಾಯಿ ಬಿಡದು, ಸದ್ದೂ ಮಾಡದು.

ಕೊರೆಯುವ ಯಂತ್ರದ ಮೊನೆಯನ್ನು ಮರದ ಮೇಲೆ ಇಟ್ಟಿದ್ದೆ. ಆಗಲೇ ಮಗಳ ಫೋನ್ ಬಂತು. ಕ್ಲಿನಿಕ್ಕಿನ ದಿನ ಹತ್ತಿರವಾಗಿತ್ತು. ವಾದ್ಯ ಮನೆಯಲ್ಲಿ ಇಲ್ಲದಿದ್ದರೆ ಅವ್ವ ಸುಧಾರಿಸುತ್ತಾಳೆ ಎಂದುಕೊಂಡಿದ್ದೆ, ಆದರೆ ಈಗ ಊಟದ ತಟ್ಟೆಯನ್ನೇ ಮುಟ್ಟುತ್ತಿಲ್ಲ ಎಂದಳು. ಸಂಜೆಯಾದರೆ ಖಾಲಿ ಗೂಡಿನ ಮುಂದೆ ಕೂತು, ಅವರನ್ನು ಎಲ್ಲಿ ಕಳಿಸಿದಿ ಎಂದು ಕೇಳುತ್ತಾಳಂತೆ. ತನ್ನ ಗಂಡ ಏಜ್ಡ್ ಕೇರ್ ಹೋಮ್‌ನವರಿಗೆ ಒಪ್ಪಿಗೆ ಕೊಡೋಣ ಎನ್ನುತ್ತಿದ್ದಾನೆ. ಬೇಗ ರಿಪೇರಿ ಮಾಡಿ ಕೊರಿಯರ್ ಮಾಡಿಬಿಡಿ ಎಂದಳು.

ನಮ್ಮ ಕಸುಬಿನ ಮೊದಲ ಪಾಠ, ಬಿರುಕನ್ನು ಕಂಡ ಕೂಡಲೇ ತಡೆಯಬೇಕು ಎನ್ನುವುದು. ಅದು ಸ್ವರದ ತೂತಿಗೆ ತಲುಪಿದರೆ ಆ ತುಂಡು ಸೌದೆಗೆ ಸಮ. ತೂತಿಗೆ ಒಂದು ಅಕ್ಕಿಕಾಳಿನಷ್ಟು ದೂರವಷ್ಟೇ ಉಳಿದಿತ್ತು. ಇನ್ನೊಂದು ಸಲ ಬಿಸಿ ತಾಗಿಸಿದರೂ ಅಪಾಯ. ಆದರೆ ಮೊಳೆ ಹೊಡೆದು ಕಳಿಸಿದರೆ ಏನಾಗುತ್ತದೆ? ವಾದ್ಯ ಮನೆಗೆ ಬರುತ್ತದೆ, ಸದ್ದು ಬರುವುದಿಲ್ಲ. ಸದ್ದು ಇತ್ತು ಎಂದು ತಾಯಿ ಹೇಳುತ್ತಾರೆ, ಯಾರಿಗೂ ಕೇಳಿಸುವುದಿಲ್ಲ. ಅಲ್ಲಿಗೆ ಅವರ ಕಥೆ ಮುಗಿಯಿತು. ಕೊರೆಯುವ ಯಂತ್ರವನ್ನು ಕೆಳಗಿಟ್ಟೆ.

"ಈಗ ರಿಪೇರಿ ಮಾಡಿದ್ರೆ ನಿಮ್ಮಮ್ಮ ಸುಳ್ಳಾಗ್ತಾರೆ," ಎಂದೆ. "ಹಂಗೇ ತಗೊಂಡು ಬರ್ತೀನಿ. ಒಂದು ಸಂಜೆ ನೀವು ಹೆಡ್‌ಫೋನ್ ತೆಗೆದು ಕೂತ್ಕೊಳ್ಳಿ ಸಾಕು. ಅಷ್ಟರಲ್ಲಿ ಅದು ಒಡೆದುಹೋದ್ರೆ ತಪ್ಪು ನಂದು."

ಗುರುವಾರ ಬರ್ರಿ ಎಂದಳು.

ವಿಮಾನದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೇ ಇಟ್ಟುಕೊಂಡೆ. ಹೊರಡುವ ಮುನ್ನ ಭೂತಗನ್ನಡಿಯಲ್ಲಿ ನೋಡಿ, ಬಿರುಕಿನ ಕೊನೆಗೆ ಬಿಳಿ ಪೆನ್ಸಿಲಿನಿಂದ ಒಂದು ಗೀಟು ಹಾಕಿದ್ದೆ. ಗಿರಾವೀನ್‌ನ ಮನೆಯ ಬಾಗಿಲು ತೆರೆದು ಮಗಳು ನಕ್ಕಾಗ ಅವಳ ಮುಂದಿನ ಹಲ್ಲೊಂದು ತುಸು ಓರೆಯಾಗಿದ್ದದ್ದು ಕಣ್ಣಿಗೆ ಬಿತ್ತು. ಆಗ ಅದರ ಬಗ್ಗೆ ಏನೂ ಯೋಚಿಸಲಿಲ್ಲ. ಹಾಲಿನ ಗೋಡೆಯ ಮೇಲೆ ಮಾಲೆ ಹಾಕಿದ ಫೋಟೋ ಇತ್ತು. ಬ್ಯಾಂಡಿನ ಕೆಂಪು ಕೋಟಿನಲ್ಲಿ ಕ್ಲಾರಿನೆಟ್ ಊದುತ್ತಿರುವವರು, ಕತ್ತು ಎಡಕ್ಕೆ ವಾಲಿ, ಬಲಭುಜ ಮೇಲೆದ್ದಿತ್ತು. ನನ್ನ ಗಂಡ ಗರಾಜಿನ ಬಾಗಿಲಲ್ಲಿ ನೋಡಿದ್ದು ಇದನ್ನೇ. ಕೈಯಲ್ಲಿದ್ದ ಪೆಟ್ಟಿಗೆ ಒಮ್ಮೆಗೇ ಭಾರವಾಯಿತು.

ತಾಯಿ ಸಣ್ಣ ಆಳು. ಸೀರೆಯ ಮೇಲೆ ಮಗಳ ದಪ್ಪ ಸ್ವೆಟರ್ ಹಾಕಿಕೊಂಡಿದ್ದರು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಗೊಂಡು, "ವಿಮಾನದಾಗ ಥಂಡಿ ಹತ್ತಿತ್ತೇನವಾ?" ಎಂದು ಕೇಳಿದರು. ನನ್ನನ್ನು ಕೇಳಿದರೋ ಅದನ್ನು ಕೇಳಿದರೋ ತಿಳಿಯದೆ, ಇಲ್ಲಮ್ಮ ಎಂದೆ.

ಹೊತ್ತು ಮುಳುಗಿತು. ತಾಯಿ ಗೂಡಿನಲ್ಲಿ ಪೆಟ್ಟಿಗೆ ತೆರೆದಿಟ್ಟು ದೀಪ ಹಚ್ಚಿದರು. ತಲೆಯ ಮೇಲಿನ ಕಿಂಡಿಯಿಂದ ಬಿಸಿಗಾಳಿ ಬೀಳತೊಡಗಿತು. ಮಗಳು ಕಾಲ್ ಮುಂದೂಡಿ, ಲ್ಯಾಪ್‌ಟಾಪನ್ನು ಅಡುಗೆಕಟ್ಟೆಯ ಮೇಲೆ ಬಿಟ್ಟು ಬಂದು ನೆಲದ ಮೇಲೆ ಕೂತಳು. ನಾನು ಕಾದೆ. ಏನೂ ಆಗಲಿಲ್ಲ. ಇಷ್ಟು ದಿನ ನನ್ನ ಗರಾಜಿನಲ್ಲಿ ಸ್ವಿಚ್ಚು ಒತ್ತಿದರೆ ಬಾರಿಸುತ್ತಿದ್ದದ್ದು ಇಲ್ಲಿ ಪಿಟ್ಟೆನ್ನಲಿಲ್ಲ. ಕಿತ್ತಳೆ ಸಿಪ್ಪೆಯ ತೇವ ಇನ್ನೂ ಮರದಲ್ಲಿ ಉಳಿದಿರಬಹುದೇ, ಅಂಟು ಎಲ್ಲಾದರೂ ಹಿಡಿದುಬಿಟ್ಟಿತೇ ಎಂದು ಪೆಟ್ಟಿಗೆಯತ್ತ ಬಗ್ಗಿ ನೋಡಿದೆ. ಮಗಳು ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಗಡಿಯಾರ. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಪಾಪ ಎನ್ನುವ ಭಾವ ಇತ್ತು. ಅದೇ ನನಗೆ ಹೆಚ್ಚು ಚುಚ್ಚಿತು. ತಾಯಿ ಮಾತ್ರ ಹೂವು ಕಟ್ಟುತ್ತ ನಿರಾಳವಾಗಿ ಕೂತಿದ್ದರು. ದಾರಿ ನಡೆದು ಬಂದಾರ, ಸುಧಾರಿಸ್ಕೋಬೇಕಲ್ಲ, ಮೊದಲಿನಂಗ ಒಂದು ಲವಂಗ ಬಾಯಾಗ ಹಾಕ್ಕೋಬೇಕಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಮಗಳು ಎದ್ದು ನಿಲ್ಲಲು ನೆಲಕ್ಕೆ ಕೈ ಊರಿದಾಗ ಟಪ್ ಎಂದಿತು.

ಅವಳು ಹಾಗೇ ನಿಂತಳು, ಅರ್ಧ ಎದ್ದ ಭಂಗಿಯಲ್ಲಿ. ಮತ್ತೆ ಟಪ್. ತುಸು ಬಿಟ್ಟು ಎರಡು, ಬೇಗಬೇಗ. ದೀಪದ ಬೆಳಕಿನಲ್ಲಿ ಕೀ ಏಳುವುದು, ಬೀಳುವುದು ಮೂವರಿಗೂ ಕಾಣುತ್ತಿತ್ತು. ಕಾರಣವನ್ನು ಕಣ್ಣಾರೆ ಕಂಡು, ಅಳೆದು, ವಿವರಿಸಿ ಹೇಳಬಲ್ಲ ನನಗೂ ಆ ಕ್ಷಣ ಅಲ್ಲಿ ನಾಲ್ಕನೆಯವರೊಬ್ಬರು ಇದ್ದಾರೆ ಅನ್ನಿಸಿತು. ಲವಂಗದ ವಾಸನೆ ಬಂತು ಎಂದು ಆಣೆ ಮಾಡಿ ಹೇಳಲಾರೆ, ಬರಲಿಲ್ಲ ಎಂದೂ ಹೇಳಲಾರೆ. ಮಗಳು ಕುಸಿದು ಕೂತು ಅತ್ತಳು.

"ನಾನ ಹೇಳಿದ್ದೆ," ಎಂದಳು. "ಊದಬ್ಯಾಡ್ರಿ ಅಂತ ನಾನ ಹೇಳಿದ್ದೆ."

ತಾಯಿ ಅವಳ ಬೆನ್ನು ಸವರಿದರು. ನಾನು, ಇದು ಹೀಟರ್‌ನ ಬಿಸಿಗೆ ಮರ ಹಿಗ್ಗಿ ಕುಗ್ಗಿ ಆಗುವ ಸದ್ದು ಎಂದು ಅವರಿಗೆ ವಿವರಿಸತೊಡಗಿದೆ. ಹೇಳಬೇಕಿತ್ತೋ ಬೇಡವಾಗಿತ್ತೋ, ಆದರೆ ಕ್ಲಿನಿಕ್ಕಿನಲ್ಲಿ ಕೇಳಿದರೆ ಅವರ ಬಾಯಲ್ಲೂ ಆ ಉತ್ತರ ಇರಬೇಕಿತ್ತು. ಅವರು ಪೂರ್ತಿ ಕೇಳಿಸಿಕೊಂಡರು.

"ನನಗೇನು ಗೊತ್ತಿಲ್ಲೇನವಾ, ಕಟ್ಟಿಗಿ ಅಂತ?" ಎಂದರು. "ಅವರು ಇದ್ದಾಗೂ ಸಪ್ಪಳ ಮಾಡಿದ್ದು ಕಟ್ಟಿಗೀನ ಅಲ್ಲೇನು?"

ಆಮೇಲೆ ಹೀಟರ್ ಆರಿಸಿ, ತುಂಡನ್ನು ಕೈಗೆತ್ತಿಕೊಂಡು ಬಿರುಕಿನ ಕೊನೆ ನೋಡಿದೆ. ಕೆಂಪು ಗೆರೆ ಬಿಳಿ ಗೀಟನ್ನು ದಾಟಿತ್ತು. ತೂತಿನ ಅಂಚಿಗೆ ಎಳ್ಳುಕಾಳಿನಷ್ಟು ಮಾತ್ರ ಉಳಿದಿತ್ತು. ಏನು ನೋಡಾಕತ್ತಿ ಎಂದು ಅವರು ಕೇಳಿದರು. ಭೂತಗನ್ನಡಿ ಕೊಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದರು.

"ಅಂದ್ರ, ಟಪ್ ಅಂದಾಗೊಮ್ಮೆ ಇದು ಒಡೀತಿತ್ತೇನು?"

"ಹೌದಮ್ಮ. ಸ್ವಲ್ಪ ಸ್ವಲ್ಪ."

"ಹಂಗಾದ್ರ ಇಷ್ಟು ದಿನಾ ನಾ ಅವರು ಒಡಿಯೂದನ್ನ ಕೇಳ್ಕೋಂತ ಕುಂತಿದ್ನೇನು," ಎಂದರು. ಯಾರನ್ನೂ ಕೇಳಿದ ಪ್ರಶ್ನೆಯಲ್ಲ ಅದು. ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟು, ಪೆಟ್ಟಿಗೆ ಮುಚ್ಚಿ, ಒಯ್ದು ಸರಿಮಾಡು ಎಂದರು. ಸರಿಮಾಡಿದರೆ ಮತ್ತೆ ಸಪ್ಪಳ ಬರುವುದಿಲ್ಲ ಎಂದು ಹೇಳಿದೆ. ಗೊತ್ತಾತು, ಒಯ್ಯಿ ಎಂದರು.

ಟಾರ್ನೀಟ್‌ಗೆ ವಾಪಸು ಬಂದು ಇನ್ನು ತಡಮಾಡದೆ ಮೊಳೆ ಹೊಡೆದೆ. ಕೊರೆದಾಗ ಬಂದ ಕಪ್ಪು ಹುಡಿಯಲ್ಲಿ ಚೂರು ಚೂರು ಕೆಂಪು ಬೆರೆತಿತ್ತು. ಕರಿಮರದ ಹುಡಿ ಮೂಗಿಗೆ ಹೋದರೆ ಸೀನು, ಮೈಗೆ ತಾಗಿದರೆ ತುರಿಕೆ. ಮುಖಗವಸು ಹಾಕಿಕೊಂಡು ಆ ಹುಡಿಯನ್ನೇ ಕೂಡಿಸಿ, ಅಂಟಿನಲ್ಲಿ ಕಲಸಿ, ಮೊಳೆಯ ತೂತುಗಳಿಗೆ ತುಂಬಿದೆ. ಬೇರೆ ತುಂಡಿನ ಹುಡಿ ಹಾಕಬಹುದಿತ್ತು, ಮನಸ್ಸು ಬರಲಿಲ್ಲ. ಬಿರುಕಿನ ಕೆಂಪನ್ನು ಕೆರೆದು ತೆಗೆಯಲು ಎರಡು ಸಲ ಕತ್ತಿ ಹಿಡಿದು, ಎರಡು ಸಲವೂ ಕೆಳಗಿಟ್ಟೆ. ಮೊಳೆ ಬಿಗಿದ ಮೇಲೆ ಅಂಟು ಹಿಡಿಯಲಿ ಬಿಡಲಿ, ಕುಂಕುಮ ಅಲ್ಲೇ ಇರಬಹುದು. ಅಷ್ಟರಲ್ಲಿ ಕ್ಲಿನಿಕ್ಕಿನ ದಿನ ಬಂದು ಹೋಯಿತು. ಮಗಳು ತಾನೇ ಜೊತೆಗೆ ಹೋಗಿ, ಆ ಸದ್ದು ತನಗೂ ಕೇಳಿಸುತ್ತದೆ ಎಂದು ಹೇಳಿದಳಂತೆ. ಡಾಕ್ಟರು ಬೇರೆ ಪ್ರಶ್ನೆಗಳನ್ನು ಕೇಳಿ, ವಯಸ್ಸಿಗೆ ತಕ್ಕ ಮರೆವು ಇದೆ, ದುಃಖ ಅದಕ್ಕಿಂತ ಹೆಚ್ಚಿದೆ ಎಂದರಂತೆ. ಹೋಮ್‌ನ ಮಾತು ಮತ್ತೆ ಬರಲಿಲ್ಲ.

ಚಳಿ ಮುಗಿಯುವ ಮುನ್ನ ಇನ್ನೊಮ್ಮೆ ಗಿರಾವೀನ್‌ಗೆ ಹೋದೆ. ಕೊರಿಯರ್ ಮಾಡಬಹುದಿತ್ತು, ಯಾಕೋ ಕೈಯಾರೆ ಕೊಡಬೇಕೆನ್ನಿಸಿತು. ತಾಯಿ ಎಣ್ಣೆಯ ಬಟ್ಟಲು ಹಿಡಿದು ಬಂದವರು ನನ್ನನ್ನು ನೋಡಿ, ಹಚ್ಚಬಾರದಲ್ಲ ಎಂದು ನಕ್ಕು ಒಳಗಿಟ್ಟು, ಕುಂಕುಮವನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಇಟ್ಟರು. ದೀಪ ಹಚ್ಚಿದರು. ಕಿಂಡಿಯಿಂದ ಗಾಳಿ ಬಂತು. ನಾವು ಮೂವರೂ ಕೂತೆವು. ಹೋದ ಸಲಕ್ಕಿಂತ ಹೆಚ್ಚು ಹೊತ್ತು ಕೂತೆವು. ವಾದ್ಯ ಮಖಮಲ್ಲಿನಲ್ಲಿ ಅಲುಗದೆ ಮಲಗಿತ್ತು. ನನ್ನ ಮಟ್ಟಿಗೆ ಅದು ಒಳ್ಳೆಯ ಕೆಲಸ. ಇಷ್ಟು ಒಳ್ಳೆಯ ಕೆಲಸ ಮಾಡಿ ಇಷ್ಟು ಸಂಕಟಪಟ್ಟದ್ದು ಇನ್ನೊಂದಿಲ್ಲ.

"ಸುಮ್ಮನಾದ್ರು ನೋಡು," ಎಂದರು ತಾಯಿ.

ಅಡುಗೆಕಟ್ಟೆಯ ಮೇಲೆ ಮಗಳ ಲ್ಯಾಪ್‌ಟಾಪ್ ರಿಂಗಾಗತೊಡಗಿತು. ಅವಳು ಎದ್ದಳು. ಆ ಕಡೆ ಹೋಗುತ್ತಾಳೆ ಎಂದುಕೊಂಡೆ. ಹೋಗದೆ ಗೂಡಿನಿಂದ ವಾದ್ಯ ಎತ್ತಿಕೊಂಡು, ತುಂಡುಗಳನ್ನು ಹೇಗೆ ಜೋಡಿಸುವುದು ಎಂದು ನನ್ನನ್ನು ಕೇಳಿದಳು. ಜೋಡಿಸಿ ಕೊಟ್ಟೆ. ಜೀವಮಾನದಲ್ಲಿ ಅದನ್ನು ಊದಿದವಳಲ್ಲ. ಮೌತ್‌ಪೀಸನ್ನು ಬಾಯಿಗಿಟ್ಟುಕೊಂಡಳು. ನನ್ನ ಹಲ್ಲು ಜಾರಿ ಜಾರಿ ಹೋಗುತ್ತಿದ್ದ ಗುಳಿಯಲ್ಲಿ ಅವಳ ಓರೆ ಹಲ್ಲು ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಕತ್ತು ಎಡಕ್ಕೆ ವಾಲಿತು, ಬಲಭುಜ ಮೇಲೆದ್ದಿತು. ಹೂವಿನ ದಾರ ಹಿಡಿದಿದ್ದ ತಾಯಿಯ ಕೈ ನಿಂತಿತು.

ಮಗಳು ಊದಿದಳು. ಬಾತುಕೋಳಿ ಕಿರುಚಿದ ಹಾಗೆ ಒಂದು ದನಿ ಹೊರಟು, ತೆಳು ಗೋಡೆಗಳ ಆ ಮನೆಯನ್ನೆಲ್ಲ ತುಂಬಿತು. ಲ್ಯಾಪ್‌ಟಾಪ್ ಇನ್ನೂ ರಿಂಗಾಗುತ್ತಲೇ ಇತ್ತು. ಅವಳು ಬೆಚ್ಚಿ, ವಾದ್ಯವನ್ನು ಬಾಯಿಂದ ತೆಗೆದು ಆ ಕಡೆ ನೋಡಿದಳು.

"ಊದವ್ವ," ಎಂದರು ತಾಯಿ. "ಕಾಲ್ ಇದ್ರ ಇರಲಿ."